ಸಿಂಕಲ್ಲಿ ತಿರುವಿದ ಮುದ್ದೆ, ಜೊತೆಗೆ ಅವರೆಕಾಳು ಬಸ್ಸಾರು: ನನ್ನ ಅನುಭವ

ಸಿಂಕಲ್ಲಿ ಪಾತ್ರೆ ಇಟ್ಟು ಮುದ್ದೆ ತಿರುವ್ತೀನಿ ಅಂದಾಗ ಮನೇಲಿ ಎಲ್ಲಾ ನಕ್ಕರು. ಅಮ್ಮ ಮಾತ್ರ ನಗಲಿಲ್ಲ, "ಮುಸುರೆ ತೊಳೆಯೋ ಜಾಗದಲ್ಲಿ ಹಿಟ್ಟು ಮಾಡ್ತೀಯೇನೋ, ಥೂ" ಅಂದು ಎದ್ದು ರೂಮಿಗೆ ಹೋದ್ಲು. ಈಗ ಮೂರು ಭಾನುವಾರದಿಂದ ಒಂದೇ ಒಂದು ಗಂಟಿಲ್ಲ, ಅದಕ್ಕೇ ಬರೀತಿದೀನಿ.

2020ರ ಲಾಕ್‌ಡೌನಲ್ಲಿ ನಂಗೂ ಸೌರ್‌ಡೋ (ಹುಳಿ ಬಂದ ಹಿಟ್ಟಿನ ಬ್ರೆಡ್) ಹುಚ್ಚು ಹತ್ತಿತ್ತು. ಓಟಿಜಿ ಅನ್ನೋ ಕರೆಂಟ್ ಓವನ್, ತೂಕದ ಸ್ಕೇಲು, ಚುಚ್ಚಿ ನೋಡೋ ಥರ್ಮಾಮೀಟರು, ಎಲ್ಲಾ ಸೇರಿ ಹದಿನಾಲ್ಕು ಹದಿನೈದು ಸಾವಿರ ಹೋಗಿರ್ಬೇಕು. ಆಫೀಸ್ ಶುರುವಾಯ್ತು, ಅಲ್ಲಿಗೆ ಮುಗೀತು. ಓಟಿಜಿ ಒಳಗೆ ಈಗ ಹಪ್ಪಳದ ಡಬ್ಬ ಇದೆ, ಮೂರು ನಾಲ್ಕು ವರ್ಷ ನಾನು ಅಡಿಗೆಮನೆಗೆ ಹೋಗಿದ್ದು ಅಂದ್ರೆ ಪಾರ್ಸಲ್ ಬಿಚ್ಚೋಕೆ ಮಾತ್ರ. ಈ ಡಿಸೆಂಬರಲ್ಲಿ ಅಮ್ಮ ಕುಣಿಗಲ್ ಕಡೆಯಿಂದ ಬಂದು ಇಲ್ಲೇ ಉಳ್ಕೊಂಡ್ಲು. ಮೊಣಕಾಲು ನೋವು, ನೆಲದ ಮೇಲೆ ಕೂತು ಕವೆ (ಪಾತ್ರೆ ಹಿಡಿಯೋ ಕವಲು ಕೋಲು) ಹಾಕಿ ಕಾಲಲ್ಲಿ ಅದುಮಿ ತಿರುವೋಕೆ ಆಗಲ್ಲ, ನನ್ ಹೆಂಡ್ತಿಗೆ ಮುದ್ದೆ ಬರಲ್ಲ, ಅವಳ ಮನೆ ಕಡೆ ರೊಟ್ಟಿ. ಸರಿ ನಾನೇ ಮಾಡ್ತೀನಿ ಅಂದೆ, ಸೌರ್‌ಡೋ ಎಬ್ಬಿಸಿದವನಿಗೆ ಇದೇನು ಮಹಾ ಅಂತ ಒಳಗೊಳಗೇ ಕೊಬ್ಬು.

ಮೊದಲ ಸಲ ಎಸರಿಗೆ ಹಿಟ್ಟು ಸುರಿದು ತಕ್ಷಣ ಕೋಲು ಆಡಿಸಿದೆ, ಗೋಲಿ ಗೋಲಿ ಗಂಟು, ಒಳಗೆ ಒಣ ಹಿಟ್ಟು. ಕೆಳಗಡೆ ನಾಯಿಗೆ ಹಾಕಿದೆ, ಮೂಸಿ ನೋಡಿ ಹೊರಟೋಯ್ತು. ಎರಡನೇ ಸಲ ಮಧ್ಯದಲ್ಲಿ ಸಿಲಿಂಡರ್ ಖಾಲಿ, ಇಂಡಕ್ಷನ್ ಮೇಲೆ ಅಮ್ಮನ ಹಿಂಡಾಲಿಯಂ ಪಾತ್ರೆ ಇಟ್ಟೆ, ಅದು ಬೀಪ್ ಬೀಪ್ ಅಂತು ಅಷ್ಟೇ, ಅಲ್ಯೂಮಿನಿಯಂ ಅದಕ್ಕೆ ಆಗಲ್ಲ ಅನ್ನೋದು ಗೊತ್ತಿದ್ದೂ ಮರೆತಿದ್ದೆ. ಮೂರನೇದು ತೆಳು ಸ್ಟೀಲ್ ಪಾತ್ರೇಲಿ, ತಳ ಹೊತ್ತಿ ಮನೆಯೆಲ್ಲಾ ಎರಡು ದಿನ ವಾಸನೆ. ಆಮೇಲೆ ದಪ್ಪ ತಳದ್ದು ಒಂದು ತಂದೆ, ಎರಡು ಸಾವಿರದ ನಾನೂರೋ ಏನೋ, ಹೆಂಡ್ತಿಗೆ ಸಾವಿರದ ಇನ್ನೂರು ಅಂತ ಹೇಳಿದೀನಿ. ಆನ್‌ಲೈನಲ್ಲಿ ಮುದ್ದೆ ಕೋಲು ಅಂತ ಮುನ್ನೂರೈವತ್ತು ಕೊಟ್ಟು ತರಿಸಿದ್ದು ನೋಡಿದ್ರೆ ಮಕ್ಕಳ ಆಟದ ಸಾಮಾನು, ಕೊನೆಗೆ ಕೆ.ಆರ್. ಮಾರ್ಕೆಟ್ ಹತ್ರ ಒಳ್ಳೆ ಗಟ್ಟಿ ಕೋಲು ನೂರಿಪ್ಪತ್ತಕ್ಕೆ ಸಿಕ್ತು. ಭಾಮೈದ ಬಂದವನು, "ಭಾವ, ಮೆಸ್ಸಲ್ಲಿ ಮುದ್ದೆ ಇಪ್ಪತ್ತೈದು ರೂಪಾಯಿ, ನೀವು ಇಲ್ಲೀವರೆಗೆ ಸುರಿದ ದುಡ್ಡಿಗೆ ನೂರು ಮುದ್ದೆ ಬರ್ತಿತ್ತು" ಅಂದ. ಅವನ ಲೆಕ್ಕ ಸರಿನೇ ಇತ್ತು, ಅದೇ ಉರಿದಿದ್ದು.

ಪಾತ್ರೆ ಕೋಲು ಸರಿಹೋದ್ಮೇಲೂ ಇನ್ನೊಂದು ತೊಂದ್ರೆ ಉಳೀತು. ನಮ್ಮ ಅಪಾರ್ಟ್‌ಮೆಂಟ್ ಅಡಿಗೆ ಕಟ್ಟೆ ಎತ್ತರ ಜಾಸ್ತಿ, ಕೋಲು ಅದುಮಿದ್ರೆ ಭುಜದಿಂದ ಅದುಮ್ಬೇಕು, ಬಲ ಬೀಳಲ್ಲ, ಜೊತೆಗೆ ಕೋಲು ಒಂದು ಸುತ್ತು ಬಂದ್ರೆ ಪಾತ್ರೇನೂ ಗಿರ್ರ್ ಅಂತ ಸುತ್ತುತ್ತೆ. ಹೆಂಡ್ತಿ ಇಕ್ಕಳದಲ್ಲಿ ಹಿಡ್ಕೊಂಡ್ಲು, ಇಬ್ಬರೂ ಜಗಳ ಆಡಿದ್ವಿ. ಒಂದು ರಾತ್ರಿ ಪಾತ್ರೆ ತೊಳೀತಾ ಹೊಳೀತು, ಸಿಂಕ್ ತಳ ಕಟ್ಟೆಗಿಂತ ಮುಕ್ಕಾಲು ಅಡಿ ಕೆಳಗಿದೆ, ಸುತ್ತ ಗೋಡೆನೂ ಇದೆ. ಒಂದು ಹಳೇ ಮಣೆ ಅಳತೆಗೆ ಕತ್ತರಿಸಿಕೊಂಡು ಬಂದೆ, ಬಡಗಿ ಐವತ್ತು ತಗೊಂಡ. ಸಿಂಕ್ ಬಿಸಿನೀರು ಹಾಕಿ ಉಜ್ಜಿ ಒರೆಸಿ, ಮಣೆ ಇಟ್ಟು, ಅದರ ಮೇಲೆ ಒದ್ದೆ ಟವೆಲ್ ಸಿಂಬಿ ಸುತ್ತಿ, ಒಲೆಯಿಂದ ಇಳಿಸಿದ ಪಾತ್ರೆ ಮೂಲೆಗೆ ಒತ್ತಿ ಕೂರಿಸಿದ್ರೆ ಅಲ್ಲಾಡಲ್ಲ. ಎರಡೂ ಕೈ ಕೋಲಿಗೆ, ಸೊಂಟದಿಂದ ಬಲ. ಅಷ್ಟೇ ಗುಟ್ಟು, ಆದ್ರೆ ಇದಕ್ಕೆ ಒಂದೂವರೆ ತಿಂಗಳು ಹಿಡೀತು.

ಬೇಯಿಸೋ ವಿಷ್ಯ ನಿಮಗೆಲ್ಲಾ ಗೊತ್ತಿರೋದೇ, ನಂಗೆ ಸರಿಹೋಗಿದ್ದು ಹೇಳ್ತೀನಿ. ಆರು ಮುದ್ದೆಗೆ ಮೂರೂವರೆ ಲೋಟ ಹಿಟ್ಟು, ಏಳು ಏಳೂಕಾಲು ಲೋಟ ನೀರು. ಒಂದು ಹಿಡಿ ಹಿಟ್ಟು ತಣ್ಣೀರಲ್ಲಿ ಕದಡಿ ಮೊದಲೇ ಎಸರಿಗೆ ಬಿಟ್ಟು ಅಂಬಲಿ ಥರ ಕುದಿಸ್ಬೇಕು, ಆಮೇಲೆ ಉಳಿದಿದ್ದು ಮಧ್ಯಕ್ಕೆ ಗುಡ್ಡೆ ಹಾಕಿ, ಕೋಲಲ್ಲಿ ಮೂರ್ನಾಲ್ಕು ತೂತು ಮಾಡಿ, ಮುಟ್ಟದೆ ಬಿಡ್ಬೇಕು. ಬಿಡೋದೇ ಕಷ್ಟ, ಕೈ ತುರಿಸುತ್ತೆ. ಆ ಸೌರ್‌ಡೋ ಥರ್ಮಾಮೀಟರ್ ಇತ್ತಲ್ಲ, ಗುಡ್ಡೆ ಮಧ್ಯಕ್ಕೆ ಚುಚ್ಚಿದೆ. ಐದು ನಿಮಿಷಕ್ಕೆ ಅರವತ್ತು ಡಿಗ್ರಿ ಆಸುಪಾಸು ಇತ್ತು, ನಾನು ಇಷ್ಟು ದಿನ ಆಗಲೇ ಇಳಿಸ್ತಿದ್ದೆ, ಅದಕ್ಕೇ ಹಸಿ ವಾಸನೆ, ಗಂಟಲಿಗೆ ಹಿಡಿಯೋದು. ಎಂಬತ್ತೈದು ದಾಟೋಕೆ ಸಣ್ಣ ಉರೀಲಿ ಒಂಬತ್ತು ಹತ್ತು ನಿಮಿಷ ಬೇಕು. ಹಾಗೇ ಎಸರಿಗೂ ಚುಚ್ಚಿ ನೋಡಿದೆ, ಕುದೀತಿದ್ರೂ 97 ತೋರಿಸ್ತು, ಥರ್ಮಾಮೀಟರ್ ಕೆಟ್ಟಿದೆ ಅನ್ಕೊಂಡೆ, ಆಮೇಲೆ ನೆನಪಾಯ್ತು ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ನೂರಕ್ಕೆ ಹೋಗೋದೇ ಇಲ್ಲ. ಮಗಳ ಮುಂದೆ ಸ್ವಲ್ಪ ವಿಜ್ಞಾನ ಕೊರೆದೆ, ಅವಳು ಹೆಡ್‌ಫೋನ್ ಹಾಕ್ಕೊಂಡ್ಲು.

ಹಿಟ್ಟು ಪ್ಯಾಕೆಟ್ ಬಿಟ್ಟು ರಾಗಿ ತಂದು ಮಿಲ್ಲಲ್ಲಿ ಹಾಕಿಸ್ತೀನಿ, ಹಾಕಿಸೋಕೆ ಕೆಜಿಗೆ ಹತ್ತು ರೂಪಾಯಿ. ಮಿಲ್ಲಿನವನಿಗೆ ಒಂದು ಮಾತು ಹೇಳಿ ಹಾಕಿಸ್ಬೇಕು, ಅದು ಏನು ಅಂತ ಇಲ್ಲಿ ಬರೆಯಲ್ಲ, ನಮ್ಮನೇಲೇ ಇರ್ಲಿ. ಮಧ್ಯೆ ಹ್ಯಾಂಡ್ ಬ್ಲೆಂಡರ್ ಹಾಕಿ ನೋಡಿದೆ, ಪೋಸ್ಟರ್ ಅಂಟಿಸೋ ಗೋಂದಾಯ್ತು, ಬ್ಲೆಂಡರ್ ತೊಳೆಯೋಕೆ ಅರ್ಧ ಗಂಟೆ. ಎಸರಿಗೆ ಸ್ವಲ್ಪ ಅನ್ನ ಹಾಕಿದ್ರೆ ಮೆತ್ತಗೆ ಬರುತ್ತೆ, ಮಗಳಿಗೆ ಅದೇ ಇಷ್ಟ, ಅಮ್ಮ ಅದನ್ನ ಮುದ್ದೆ ಅಂತಾನೇ ಒಪ್ಪಲ್ಲ.

ಜನವರಿ ಅಂದ್ಮೇಲೆ ಅವರೆ. ಅವರೆ ಮೇಳ ಮೊದ್ಲು ಸಜ್ಜನ್ ರಾವ್ ಸರ್ಕಲ್ ತಿಂಡಿ ಬೀದಿಲಿ ಆಗ್ತಿತ್ತು, ಆಮೇಲೆ ನ್ಯಾಷನಲ್ ಕಾಲೇಜ್ ಮೈದಾನಕ್ಕೆ ಹೋಯ್ತು, ಅಲ್ಲಿ ಹೋದ್ರೆ ದೋಸೆ ತಿಂದು ಜೇಬು ಖಾಲಿ ಮಾಡ್ಕೊಂಡು ಬರ್ತೀನಿ, ಅದಕ್ಕೆ ಗಾಂಧಿ ಬಜಾರಲ್ಲೇ ಮಾಗಡಿ ಕಾಯಿ ಎರಡು ಕೆಜಿ ತಗೊಂಡೆ, ನೂರೈವತ್ತೋ ನೂರರವತ್ತೋ. ಸುಲಿದು ಮುಗಿಸೋಷ್ಟರಲ್ಲಿ ಕೈಯೆಲ್ಲಾ ಸೊಗಡು. ಕಾಳು ಮುಕ್ಕಾಲು ಬೆಂದ ಮೇಲೆ ನಾಲ್ಕು ಕಟ್ಟು ಸಬ್ಬಸಿಗೆ, ಮೊದಲ ಸಲ ಎರಡೂ ಒಟ್ಟಿಗೆ ಹಾಕಿ ಸೊಪ್ಪು ಕೆಸರಾಗಿತ್ತು. ಬಸಿದು ಕಟ್ಟು (ಬಸಿದ ನೀರು) ಬೇರೆ, ಕಾಳು ಸೊಪ್ಪು ಪಲ್ಯಕ್ಕೆ, ಅದರಲ್ಲೇ ಒಂದು ಹಿಡಿ ತೆಗೆದು ಖಾರದ ಜೊತೆ ರುಬ್ಬಿ ಕಟ್ಟಿಗೆ ಹಾಕಿದ್ರೆ ಬಸ್ಸಾರು. ಈರುಳ್ಳಿ ಬೆಳ್ಳುಳ್ಳಿ ನೇರ ಉರಿ ಮೇಲೆ ಸುಟ್ಟು ರುಬ್ಬಿದೀನಿ, ಹುರಿದಿದ್ದಕ್ಕಿಂತ ಇದೇ ಸರಿ. ಇದಕ್ಕೂ ಒಂದು ಸಾಮಾನು ಹಾಕ್ತೀನಿ, ಅಮ್ಮನೇ ಮೂರು ಸಲ ಕೇಳಿದ್ಲು, ಹೇಳಿಲ್ಲ.

ಬಸ್ಸಾರು ಮಾಡಿದ ಭಾನುವಾರ ರಾತ್ರಿ ಎಂಟೂವರೆಗೆ ಐದು ಜನ ಕೂತ್ವಿ. ಮುದ್ದೆ, ಬಸ್ಸಾರು, ಪಲ್ಯ, ಹಸಿ ಈರುಳ್ಳಿ, ಬೇರೆ ಏನಿಲ್ಲ. ಭಾಮೈದ ಮುದ್ದೆ ಮುರಿದು ಒಳಗೆ ಇಣುಕಿ ಗಂಟು ಹುಡುಕ್ದ, ಸಿಗಲಿಲ್ಲ, ಆರನೇ ಮುದ್ದೆನೂ ಅವನೇ ಹೊಡೆದ. ಅಮ್ಮ ಮೊದಲು "ನಂಗೆ ಅನ್ನ ಸಾಕು, ಸಿಂಕಿನ ಹಿಟ್ಟು ಬೇಡ" ಅಂದಿದ್ಲು, ಆಮೇಲೆ ಅವನ ತಟ್ಟೆ ನೋಡಿ ಒಂದು ತುಂಡು ಹಾಕಿಸ್ಕೊಂಡ್ಲು, ಸಾರಲ್ಲಿ ಹೊರಳಿಸಿ ನುಂಗಿ "ಉಪ್ಪು ಕಮ್ಮಿ" ಅಂದ್ಲು, ತಟ್ಟೆ ಮುಂದಕ್ಕೆ ತಳ್ಳಿದ್ಲು, ಹಾಕು ಅಂತ. ಆ ಸಿಂಬಿ ಟವೆಲ್ ಈಗ ಸಿಂಕ್ ಪಕ್ಕದ ಮೊಳೆಗೆ ನೇತಾಕಿದೀನಿ, ಮೊನ್ನೆ ಮಗಳು ಅದರಲ್ಲಿ ಕೈ ಒರೆಸೋಕೆ ಹೋದ್ರೆ ಅಮ್ಮ ಹಾಲಿಂದಲೇ ಕೂಗಿದ್ಲು, "ಏಯ್, ಅದು ಮುದ್ದೆದು ಕಣೇ, ಮುಟ್ಟಬೇಡ."