ಮೂರನೆಯ ಡೇಕೇರ್ ಅನ್ನು ಸಂಜೆ ಐದೂವರೆಗೆ ಹೋಗಿ ಆರಿಸಿದೆ

ಮಗಳಿಗೆ ಹತ್ತು ತಿಂಗಳು ತುಂಬಿದಾಗ ನಾನು ಕೆಲಸಕ್ಕೆ ಮರಳಿದೆ. ಅಲ್ಲಿಂದ ಮುಂದಿನ ಒಂಬತ್ತು ತಿಂಗಳಲ್ಲಿ ಎರಡು ಡೇಕೇರ್‌ಗಳಿಂದ ಅವಳನ್ನು ಬಿಡಿಸಬೇಕಾಯಿತು. ಮೂರನೆಯದನ್ನು ಹುಡುಕುವಾಗ ನಾನು ಹಿಡಿದ ಕ್ರಮವನ್ನು ಕಂಡು, ಇಷ್ಟೊಂದು ಪರೀಕ್ಷೆ ಮಾಡುತ್ತಾ ಹೋದರೆ ಒಂದು ಕೇಂದ್ರವೂ ಉಳಿಯುವುದಿಲ್ಲ ಎಂದು ಮನೆಯವರೂ ಸಹೋದ್ಯೋಗಿಗಳೂ ಹೇಳಿದ್ದರು. ಮಗಳು ಈಗ ಹದಿನಾಲ್ಕು ತಿಂಗಳಿಂದ ಆ ಮೂರನೆಯದರಲ್ಲಿಯೇ ಇದ್ದಾಳೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದನ್ನು ನಾನು ಆರಿಸಿದ್ದು ಕ್ಯಾಮೆರಾ ನೋಡಿ. ಸಂಬಳದ ಮೂರರಲ್ಲೊಂದು ಪಾಲು ಶುಲ್ಕಕ್ಕೇ ಹೋಗುತ್ತಿತ್ತು; ಮೂರು ತಿಂಗಳ ಹಣವನ್ನು ಮುಂಗಡವಾಗಿ ಕಟ್ಟಿದ್ದೆ. ಕಚೇರಿಯಲ್ಲಿ ಕುಳಿತು ಫೋನಿನಲ್ಲಿ ನೋಡಿದಾಗಲೆಲ್ಲ ಮಗಳು ಚಾಪೆಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದಳು, ನನಗೂ ಸಮಾಧಾನವಾಗುತ್ತಿತ್ತು. ಆ ದೃಶ್ಯಕ್ಕೆ ಧ್ವನಿಯಿರಲಿಲ್ಲ ಎಂಬುದು ಆಗ ದೊಡ್ಡ ಕೊರತೆಯಾಗಿ ಕಾಣಲಿಲ್ಲ. ಆರನೆಯ ವಾರವಿರಬೇಕು, ಒಂದು ದಿನ ಬೇಗ ಹೋದೆ. ಒಂಬತ್ತೋ ಹತ್ತೋ ಶಿಶುಗಳಿಗೆ ಇಬ್ಬರೇ ಇದ್ದರು, ಮೂರು ಮಕ್ಕಳು ಅಳುತ್ತಿದ್ದವು, ಯಾರೂ ತಿರುಗಿ ನೋಡುತ್ತಿರಲಿಲ್ಲ. ನನ್ನ ಮಗಳು ಸುಮ್ಮನಿದ್ದದ್ದು ನೆಮ್ಮದಿಯಿಂದಲ್ಲ, ಅತ್ತರೆ ಯಾರೂ ಬರುವುದಿಲ್ಲವೆಂದು ಕಲಿತದ್ದರಿಂದ. ಆ ದಿನಗಳಲ್ಲಿ ಮನೆಯಲ್ಲಿಯೂ ಅವಳು ಹಸಿವಾದರೆ ಅಳುವುದನ್ನು ಬಿಟ್ಟಿದ್ದಳು. ಮುಂಗಡದಲ್ಲಿ ಉಳಿದ ಹಣ ವಾಪಸು ಬರಲಿಲ್ಲ. ಒಪ್ಪಂದದ ಕೊನೆಯ ಪುಟದಲ್ಲಿ ಹಾಗೆಂದು ಬರೆದಿತ್ತು, ನಾನು ಓದಿರಲಿಲ್ಲ.

ಎರಡನೆಯದು ಮನೆಗೆ ಹತ್ತಿರವಿತ್ತು, ಶುಲ್ಕವೂ ಅರ್ಧದಷ್ಟಿತ್ತು. ಅಲ್ಲಿ ಐದು ತಿಂಗಳಲ್ಲಿ ನಾಲ್ವರು ಆಯಾಗಳು ಬದಲಾದರು. ಹತ್ತು ತಿಂಗಳಿಂದ ಒಂದೂವರೆ ವರ್ಷದವರೆಗಿನ ಮಗು ಅಗಲಿಕೆಗೆ ಅತಿ ಹೆಚ್ಚು ಹೆದರುವ ವಯಸ್ಸಿನಲ್ಲಿರುತ್ತದೆ. ಪ್ರತಿ ಹೊಸ ಮುಖಕ್ಕೂ ಮತ್ತೆ ಅಳು, ಮತ್ತೆ ನಿದ್ದೆಗೇಡು, ಮತ್ತೆ ನನ್ನ ರಜೆ. ಇಪ್ಪತ್ತು ಇಪ್ಪತ್ತೆರಡು ದಿನ ರಜೆ ಹಾಕಿದೆ, ಅದರಲ್ಲಿ ಅರ್ಧದಷ್ಟಕ್ಕೆ ಸಂಬಳವಿರಲಿಲ್ಲ. ಕೂಡಿಸಿ ನೋಡಿದರೆ ಅಗ್ಗದ ಕೇಂದ್ರವೇ ನನಗೆ ಹೆಚ್ಚು ತುಟ್ಟಿಯಾಗಿ ಬಿದ್ದಿತ್ತು.

ಮೂರನೆಯ ಸಲ ಕಟ್ಟಡವನ್ನಾಗಲಿ ಆಟಿಕೆಗಳನ್ನಾಗಲಿ ನೋಡಬಾರದು, ಮಕ್ಕಳನ್ನು ಎತ್ತಿಕೊಳ್ಳುವ ಕೈಗಳನ್ನಷ್ಟೇ ನೋಡಬೇಕು ಎಂದು ನಿಶ್ಚಯಿಸಿದೆ. ಬೆಳಿಗ್ಗೆ ಹತ್ತಕ್ಕೆ ಕರೆದು ತೋರಿಸುವ ಭೇಟಿಯನ್ನು ಕೈಬಿಟ್ಟು, ಸಂಜೆ ಐದೂವರೆಗೆ ಹೋದೆ. ಆ ಹೊತ್ತಿಗೆ ಅರ್ಧ ಸಿಬ್ಬಂದಿ ಮನೆಗೆ ಹೋಗಿರುತ್ತಾರೆ, ಉಳಿದವರು ದಣಿದಿರುತ್ತಾರೆ, ಮಕ್ಕಳು ರಚ್ಚೆ ಹಿಡಿದಿರುತ್ತವೆ. ಕೇಂದ್ರದ ನಿಜವಾದ ಗುಣ ಕಾಣುವುದು ಆಗಲೇ. ಒಂದು ಮಗು ಅಳಲು ಆರಂಭಿಸಿದಾಗಿನಿಂದ ಯಾರಾದರೂ ಅದರ ಎತ್ತರಕ್ಕೆ ಬಗ್ಗುವವರೆಗೆ, ಇಲ್ಲವೇ ಕೆಲಸದ ನಡುವೆ ಇದ್ದಲ್ಲಿಂದಲೇ "ಬಂದೆ ಕಂದ" ಎಂದು ಉತ್ತರ ಕೊಡುವವರೆಗೆ ಎಷ್ಟು ಸೆಕೆಂಡುಗಳಾಗುತ್ತವೆ ಎಂದು ಗಡಿಯಾರ ನೋಡಿ ಎಣಿಸಿದೆ. ಸುಮಾರು ಹನ್ನೊಂದು ಕೇಂದ್ರಗಳಿಗೆ ಹೋಗಿದ್ದೆ. ಆ ಹೊತ್ತಿನಲ್ಲಿ ಒಳಗೆ ಬಿಡದ ನಾಲ್ಕನ್ನು ಅಲ್ಲಿಯೇ ಕೈಬಿಟ್ಟೆ. ಕೆಲವು ಕಡೆ ಎರಡು ಮೂರು ನಿಮಿಷ ಹಿಡಿಯಿತು. ನಾನು ಆರಿಸಿದ ಕಡೆ ಅರ್ಧ ನಿಮಿಷ ದಾಟಿದ್ದು ಒಂದೋ ಎರಡೋ ಸಲ.

ಅಲ್ಲಿ ಕಂಡ ಒಂದು ದೃಶ್ಯ ನನ್ನ ನಿರ್ಧಾರವನ್ನು ಗಟ್ಟಿ ಮಾಡಿತು. ಐವತ್ತರ ಆಸುಪಾಸಿನ ಆಯಾ ಒಬ್ಬರು ಪುಟ್ಟ ಹುಡುಗನ ಡಯಾಪರ್ ಬದಲಿಸುತ್ತಿದ್ದರು. "ಈಗ ಕಾಲು ಎತ್ತುತ್ತೇನೆ" ಎಂದು ಹೇಳಿ ಕೈ ಚಾಚಿ ಕಾದರು. ಹುಡುಗ ತಾನೇ ಕಾಲೆತ್ತಿದ ಮೇಲಷ್ಟೇ ಮುಟ್ಟಿದರು. 1946ರಲ್ಲಿ ಬುಡಾಪೆಸ್ಟ್‌ನಲ್ಲಿ ಶಿಶುಗೃಹ ಆರಂಭಿಸಿದ ವೈದ್ಯೆ ಎಮ್ಮಿ ಪಿಕ್ಲರ್ ತಮ್ಮ ದಾದಿಯರಿಗೆ ಕಲಿಸಿದ್ದು ಇದನ್ನೇ ಎಂದು ಆಮೇಲೆ ತಿಳಿಯಿತು. ಈ ಆಯಾ ಆ ಹೆಸರನ್ನೇ ಕೇಳಿರಲಿಲ್ಲ.

ಅಲ್ಲಿ ನಾಲ್ಕು ಮಕ್ಕಳಿಗೆ ಒಬ್ಬರಿದ್ದರು. ಇಂಗ್ಲೆಂಡಿನ ನಿಯಮ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರಿರಬೇಕು ಎನ್ನುತ್ತದೆ. ನನ್ನ ಮಗಳು ಎರಡರ ಸಮೀಪಕ್ಕೆ ಬರುತ್ತಿದ್ದುದರಿಂದ ಒಪ್ಪಿಕೊಂಡೆ. ಆಯಾಗಳು ಎಷ್ಟು ವರ್ಷದಿಂದ ಇದ್ದಾರೆಂಬುದನ್ನು ಮೇಲ್ವಿಚಾರಕಿಯನ್ನು ಬಿಟ್ಟು ಆಯಾಗಳನ್ನೇ ಕೇಳಿದೆ. ಅವರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ; ಅದನ್ನು ಇಲ್ಲಿ ಬರೆದರೆ ಎಲ್ಲ ಕಡೆ ಸಿದ್ಧ ಉತ್ತರ ಸಿಗಲಾರಂಭಿಸುತ್ತದೆ, ಆದ್ದರಿಂದ ಬರೆಯುವುದಿಲ್ಲ.

ಸೇರಿಸಿದ ಮೇಲೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಬೆಳಿಗ್ಗೆ ತೊಡಿಸಿದ ಡಯಾಪರ್‌ನ ಪಟ್ಟಿಯ ಮೇಲೆ ಪೆನ್ನಿನಿಂದ ಸಣ್ಣ ಚುಕ್ಕೆ ಇಡುತ್ತಿದ್ದೆ. ಎರಡನೆಯ ಕೇಂದ್ರದಿಂದ ಅದೇ ಚುಕ್ಕೆಯೊಂದಿಗೆ ಮಗಳು ಸಂಜೆ ಮರಳಿದ್ದುಂಟು. ಇಲ್ಲಿ ಒಮ್ಮೆಯೂ ಹಾಗಾಗಲಿಲ್ಲ. ನನ್ನ ಹಳೆಯ ದುಪಟ್ಟಾವನ್ನು ಅವಳ ಚೀಲದಲ್ಲಿಟ್ಟರೆ ವಾಸನೆಗೆ ಮಲಗುತ್ತಾಳೆಂದು ಭಾವಿಸಿದ್ದೆ, ಅದು ಫಲಿಸಲಿಲ್ಲ; ದುಪಟ್ಟಾ ಕಂಡೊಡನೆ ನನ್ನನ್ನು ನೆನೆದು ಇನ್ನಷ್ಟು ಅಳುತ್ತಿದ್ದಳು.

ಹೆಚ್ಚು ವಿರೋಧ ಬಂದದ್ದು ರೂಢಿ ಮಾಡಿಸುವ ವಿಷಯದಲ್ಲಿ. ಎರಡು ದಿನ ಸಾಕೆಂದು ಕೇಂದ್ರದವರೂ, ಅತ್ತು ಅತ್ತು ತಾನೇ ಹೊಂದಿಕೊಳ್ಳುತ್ತದೆಂದು ಅತ್ತೆಯವರೂ ಹೇಳಿದರು. ಮಗುವನ್ನು ಡೇಕೇರ್‌ಗೆ ಒಗ್ಗಿಸಲು ಜರ್ಮನಿಯಲ್ಲಿ ಬಳಸುವ ಬರ್ಲಿನ್ ಕ್ರಮದಲ್ಲಿ ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನೊಂದಿಗೇ ಕುಳಿತಿರಬೇಕು, ನಾಲ್ಕನೆಯ ದಿನ ಮೊದಲ ಸಲ ಸ್ವಲ್ಪ ಹೊತ್ತು ಹೊರಗೆ ಹೋಗಬೇಕು. ಮಗು ಆಯಾಳ ಕೈಯಲ್ಲಿ ಬೇಗ ಸಮಾಧಾನಗೊಂಡರೆ ಮಾತ್ರ ಅವಧಿಯನ್ನು ಹಿಗ್ಗಿಸಬೇಕು. ನಾನು ಅದನ್ನೇ ಪಾಲಿಸಿದೆ. ನಾಲ್ಕನೆಯ ದಿನ ಹತ್ತು ನಿಮಿಷ ಬಾಗಿಲಾಚೆ ನಿಂತಿದ್ದೆ. ಅಳು ಎರಡು ನಿಮಿಷದಲ್ಲಿ ನಿಂತಿತು. ಒಟ್ಟು ಹನ್ನೆರಡು ದಿನಗಳ ರಜೆ ಹೋಯಿತು, ಆದರೆ ಅದರ ನಂತರ ಅವಳ ಅಳುವಿನ ಕಾರಣಕ್ಕೆ ಒಂದು ದಿನವೂ ರಜೆ ಹಾಕಿಲ್ಲ. ಶುಲ್ಕ ಸಂಬಳದ ಕಾಲು ಭಾಗದಷ್ಟಿದೆ.

ಎರಡನೆಯ ಮಗುವಿಗೆ ಈಗ ಐದು ತಿಂಗಳು. ಡಯಾಪರ್ ಬದಲಿಸುತ್ತಿದ್ದ ಅದೇ ಆಯಾ ಅವರ ಗುಂಪಿನಲ್ಲಿ ಸ್ಥಳ ಕಾಯ್ದಿರಿಸಲು ಕಳೆದ ವಾರ ಅರ್ಧ ತಿಂಗಳ ಶುಲ್ಕ ಕಟ್ಟಿ ಬಂದೆ. ಈ ಸಲ ಒಪ್ಪಂದದ ಕೊನೆಯ ಪುಟವನ್ನು ಮೊದಲು ಓದಿದೆ.