ಉಪಗ್ರಹ ಬೇರೆ, ಟವರ್ ಬೇರೆ: ಘಟ್ಟದ ರಸ್ತೆಯಲ್ಲಿ ಜಿಪಿಎಸ್ ಬಳಸಿದ ನನ್ನ ಅನುಭವ

ಸಕಲೇಶಪುರದ ಕಡೆ ಗಾಡಿ ಓಡಿಸುವವರ ಬಾಯಲ್ಲಿ ಸದಾ ಇರುವ ಮಾತು: “ಇಲ್ಲಿ ಜಿಪಿಎಸ್ ಸಿಗುವುದಿಲ್ಲ.” ಬಹುಪಾಲು ಸಲ ಅದು ನಿಜವಲ್ಲ. ಸಿಗದಿರುವುದು ಮೊಬೈಲ್ ನೆಟ್‌ವರ್ಕ್. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಗೆ ಘಟ್ಟದ ಮಾರನಹಳ್ಳಿಯೂ ಒಂದೇ, ಬೆಂಗಳೂರಿನ ಮೆಜೆಸ್ಟಿಕ್ಕೂ ಒಂದೇ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಧನ ತಾನು ಎಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಸಿಮ್ ಬೇಡ, ಡೇಟಾವೂ ಬೇಡ. ನೆಟ್‌ವರ್ಕ್ ಬೇಕಾಗುವುದು ನಕ್ಷೆಯನ್ನು ತರಿಸಿಕೊಳ್ಳಲು, ಇಲ್ಲವೇ ತಾನಿರುವ ಜಾಗವನ್ನು ಇನ್ನೊಬ್ಬರಿಗೆ ತಿಳಿಸಲು. ನನ್ನ ಬಾಡಿಗೆ ಕಾರಿಗೂ ಪಿಕಪ್‌ಗೂ ಏನು ಹಾಕಿಸಬೇಕು, ಏನು ಬೇಡ ಎಂದು ತೀರ್ಮಾನಿಸಿದ್ದೆಲ್ಲ ಈ ವ್ಯತ್ಯಾಸವನ್ನು ಹಿಡಿದುಕೊಂಡೇ.

ಮೊದಲು ದಾರಿ ತೋರಿಸುವ ಕೆಲಸ. ಇದಕ್ಕೆ ಬೇರೆ ಪರದೆ, ಬೇರೆ ಯಂತ್ರ ಕೊಳ್ಳಲಿಲ್ಲ, ಫೋನೇ ಸಾಕು. ಗೂಗಲ್ ಮ್ಯಾಪ್ಸ್‌ನಲ್ಲಿ ಸಕಲೇಶಪುರ, ಮೂಡಿಗೆರೆ, ಬೆಳ್ತಂಗಡಿ, ಸುಬ್ರಹ್ಮಣ್ಯ ಇಷ್ಟೂ ಸೇರುವಷ್ಟು ಪ್ರದೇಶವನ್ನು ಮನೆಯ ವೈಫೈಯಲ್ಲಿ ಇಳಿಸಿಟ್ಟುಕೊಂಡಿದ್ದೇನೆ. ಶಿರಾಡಿ ಘಾಟಿ ಇಳಿಯುವಾಗ ನೆಟ್‌ವರ್ಕ್ ಹೋದರೂ ದಾರಿ ಹೋಗುವುದಿಲ್ಲ. ಆದರೆ ಇಳಿಸಿಟ್ಟ ನಕ್ಷೆಗೆ ಆಗಿನ ವಾಹನ ದಟ್ಟಣೆ ಗೊತ್ತಿರುವುದಿಲ್ಲ. ಕೆಲಕಾಲದ ನಂತರ ಅದರ ಅವಧಿಯೂ ಮುಗಿಯುತ್ತದೆ, ಮತ್ತೆ ಹೊಸದಾಗಿಸಬೇಕು. ಜೊತೆಗೆ ಜನರೇ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಬಳಸುವ ಇನ್ನೊಂದು ಆ್ಯಪ್ ಕೂಡ ಇಟ್ಟಿದ್ದೇನೆ. ತೋಟದೊಳಗಿನ ಕೆಲವು ಜೀಪ್ ದಾರಿಗಳು ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಇರುತ್ತವೆ. ಎರಡರಲ್ಲೂ ಇಲ್ಲದಿದ್ದರೆ ಆ ದಾರಿಗೆ ಕಾರು ಇಳಿಸದಿರುವುದೇ ಮೇಲು.

ಹೋಂಸ್ಟೇ ಹುಡುಕುವ ಪಾಡು ಈ ಭಾಗದ ಚಾಲಕರಿಗೆಲ್ಲ ಗೊತ್ತು. ಫೋನ್ ಮಾಡಿದರೆ “ಗೇಟಿನ ಹತ್ತಿರ ದೊಡ್ಡ ಸಿಲ್ವರ್ ಓಕ್ ಮರ ಇದೆ ಸಾರ್, ಅಲ್ಲಿ ಎಡಕ್ಕೆ ತಿರುಗಿ” ಎನ್ನುತ್ತಾರೆ. ಸಿಲ್ವರ್ ಓಕ್ ಇಲ್ಲದ ಕಾಫಿ ತೋಟ ಎಲ್ಲಿದೆ? ಹೆಸರು ಹಾಕಿ ಹುಡುಕಿದರೆ ಪಿನ್ ತೋಟದ ನಡುವೆ ಎಲ್ಲೋ ಬಿದ್ದಿರುತ್ತದೆ, ಗೇಟು ಬೆಟ್ಟದ ಆಚೆ ಬದಿಗಿರುತ್ತದೆ. ಅದಕ್ಕೇ ಬಾಡಿಗೆ ಒಪ್ಪಿಕೊಂಡ ದಿನವೇ ಕೇಳುತ್ತೇನೆ: “ಗೇಟಿನ ಮುಂದೆ ನಿಂತು, ಅಲ್ಲಿನ ಅಕ್ಷಾಂಶ ರೇಖಾಂಶದ ಅಂಕಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ.” ನಮ್ಮ ಕಡೆಯ ಅಂಕಿ 12.9, 75.7 ಎಂಬಂತೆ ಶುರುವಾಗುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಜಾಗ ಸುಮಾರು 11 ಮೀಟರ್‌ನೊಳಗೆ ಗೊತ್ತಾಗುತ್ತದೆ. ಎರಡೇ ಇದ್ದರೆ ಒಂದು ಕಿಲೋಮೀಟರ್ ಆಚೀಚೆ ಅಲೆಯಬೇಕು. 12 ಮೊದಲು, 75 ಆಮೇಲೆ. ಅದಲುಬದಲಾದರೆ ನಾರ್ವೆಗೂ ಉತ್ತರದ ಸಮುದ್ರಕ್ಕೆ ಹೋಗುತ್ತೀರಿ, ಅಷ್ಟು ದೂರದ ಬಾಡಿಗೆಯನ್ನು ನಾನಂತೂ ಒಪ್ಪುವುದಿಲ್ಲ.

ನಕ್ಷೆ ರಸ್ತೆ ಎಲ್ಲಿದೆಯೆಂದು ಹೇಳುತ್ತದೆ. ಅದು ಇವತ್ತು ತೆರೆದಿದೆಯೇ ಎಂಬುದನ್ನು ನಂಬಿಕೆಯಿಂದ ಹೇಳಲಾರದು. ಮಳೆಗಾಲದಲ್ಲಿ ಶಿರಾಡಿ ದಾರಿಯ ದೋಣಿಗಾಲ್ ಬಳಿ ಗುಡ್ಡ ಜರಿದರೆ ಆ್ಯಪ್‌ಗಿಂತ ಮೊದಲು ಘಾಟಿಯ ಕೆಳಗಿನ ಗುಂಡ್ಯದ ಹೋಟೆಲಿನವರಿಗೆ ಸುದ್ದಿ ಮುಟ್ಟಿರುತ್ತದೆ, ಆದ್ದರಿಂದ ಅವರಿಗೊಂದು ಫೋನ್ ಮಾಡಿಯೇ ಹೊರಡುವುದು. ವಯನಾಡಿನ ಬಾಡಿಗೆ ಬಂದರೆ ಇನ್ನೊಂದು ಲೆಕ್ಕ. ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಬಂಡೀಪುರ ಕಾಡಿನೊಳಗೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿದೆ, 2009ರಿಂದಲೂ. ನಾನು ಪರದೆಯಲ್ಲಿ ನೋಡುವುದು ಊರು ತಲುಪುವ ಹೊತ್ತನ್ನಲ್ಲ, ಚೆಕ್‌ಪೋಸ್ಟ್ ತಲುಪುವ ಹೊತ್ತನ್ನು. ಅದನ್ನೇ ನಡುವಿನ ನಿಲುಗಡೆಯಾಗಿ ಸೇರಿಸಿಬಿಡುತ್ತೇನೆ.

ಬೆಂಗಳೂರಿನಲ್ಲಿ ಕಷ್ಟ ಬೇರೆ ತರಹದ್ದು. ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆಯೂ ಕೆಳಗಿನ ರಸ್ತೆಯೂ ಒಂದರ ಮೇಲೊಂದು ಇರುವುದರಿಂದ ನಾವು ಯಾವುದರಲ್ಲಿ ಇದ್ದೇವೆಂದು ಫೋನ್ ಗೊಂದಲಕ್ಕೆ ಬೀಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ತಾಗಿ ಬರುವುದರಿಂದ ನೀಲಿ ಚುಕ್ಕೆ ಪಕ್ಕದ ರಸ್ತೆಗೆ ಜಿಗಿಯುವುದೂ ಇದೆ. ಅಲ್ಲೆಲ್ಲ ಮುಂದಿನ ತಿರುವನ್ನು ಮೊದಲೇ ನೋಡಿಟ್ಟುಕೊಳ್ಳುವುದೇ ಉಪಾಯ. ಫೋನನ್ನು ಎಸಿ ಕಿಂಡಿಗೆ ಸಿಕ್ಕಿಸಿರುತ್ತೇನೆ. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಬಿಸಿಲಿಗೆ ಕಾದು ಪರದೆ ಮಂಕಾಗುತ್ತದೆ. ದಾರಿ ನೋಡಲು ಮಾತ್ರ, ಅದೂ ಚಾಲನೆಯ ಗಮನ ಕೆಡದಂತೆ, ಫೋನ್ ಬಳಸಲು 2020ರ ಅಕ್ಟೋಬರ್‌ನಿಂದ ಮೋಟಾರು ವಾಹನ ನಿಯಮದಲ್ಲೇ ಅವಕಾಶವಿದೆ. ಕೈಯಲ್ಲಿ ಹಿಡಿದು ಬೆರಳಾಡಿಸುತ್ತಾ ಹೋಗುವವರನ್ನು ಆ ನಿಯಮ ಕಾಪಾಡುವುದಿಲ್ಲ. ಕನ್ನಡದ ಧ್ವನಿ ಹಾಕಿಕೊಂಡರೆ ಪರದೆ ನೋಡುವ ಅಗತ್ಯವೇ ಅರ್ಧ ತಪ್ಪುತ್ತದೆ.

ಇನ್ನು ಟ್ರ್ಯಾಕರ್, ಅಂದರೆ ಗಾಡಿ ಎಲ್ಲಿದೆಯೆಂದು ಮಾಲೀಕನ ಫೋನಿಗೆ ತಿಳಿಸುವ ಪೆಟ್ಟಿಗೆ. ಪ್ರಯಾಣಿಕರನ್ನು ಒಯ್ಯುವ ಹಳದಿ ಬೋರ್ಡಿನ ಕಾರಿಗೆ ಸರ್ಕಾರ ಗೊತ್ತುಮಾಡಿದ ಎಐಎಸ್-140 ಮಾನದಂಡದ, ತುರ್ತು ಗುಂಡಿಯಿರುವ ಸಾಧನವೇ ಬೇಕು. ಅಲ್ಲಿ ನಮ್ಮ ಆಯ್ಕೆ ಕಡಿಮೆ. ಅವು ಅಮೆರಿಕದ ಜಿಪಿಎಸ್ ಜೊತೆಗೆ ನಮ್ಮ ಇಸ್ರೋದ ನಾವಿಕ್ ಸಂಕೇತವನ್ನೂ ಹಿಡಿಯುತ್ತವೆ. ಪಿಕಪ್‌ಗೆ ಮಾತ್ರ ನಾನೇ ನೋಡಿ ಆರಿಸಿದೆ. ಅಂಗಡಿಯವರು ಆ್ಯಪ್‌ನ ಬಣ್ಣ ತೋರಿಸುತ್ತಿದ್ದರು. ನಾನು ಕೇಳಿದ್ದು ಒಂದೇ: ನೆಟ್‌ವರ್ಕ್ ಇಲ್ಲದಿದ್ದಾಗ ಈ ಪೆಟ್ಟಿಗೆ ಏನು ಮಾಡುತ್ತದೆ? ಒಳ್ಳೆಯ ಸಾಧನ ಗಾಡಿ ಹೋದ ದಾರಿಯನ್ನು ತನ್ನ ನೆನಪಿನಲ್ಲಿ ಬರೆದಿಟ್ಟುಕೊಂಡು, ಟವರ್ ಸಿಕ್ಕ ಕೂಡಲೇ ಒಟ್ಟಿಗೆ ಕಳಿಸುತ್ತದೆ. ಅಗ್ಗದ್ದು ಆ ಹೊತ್ತಿನ ದಾರಿಯನ್ನೇ ನುಂಗಿಬಿಡುತ್ತದೆ. ಘಟ್ಟದ ಗಾಡಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಎರಡನೆಯದು ಸಿಮ್. ಕಡಿಮೆ ಬೆಲೆಯ ಎಷ್ಟೋ ಸಾಧನಗಳ ಒಳಗಿರುವುದು 2ಜಿ ಮೋಡೆಮ್. ಅದಕ್ಕೆ ಜಿಯೊ ಸಿಮ್ ಹಾಕಿದರೆ ಕೆಲಸ ಮಾಡುವುದಿಲ್ಲ, ಏಕೆಂದರೆ ಆ ಕಂಪನಿಗೆ 2ಜಿ ಜಾಲವೇ ಇಲ್ಲ. ಗಾಡಿ ಓಡಾಡುವ ದಾರಿಯಲ್ಲಿ ಯಾರ ಟವರ್ ಜಾಸ್ತಿ ಎಂದು ನೋಡಿ ಸಿಮ್ ಆರಿಸಿಕೊಳ್ಳಬೇಕು.

ವೈರ್ ಕೆಲಸವನ್ನು ನಮ್ಮ ಊರಿನ ಆಟೋ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ಕೂತು ಮಾಡಿಸಿದೆ. ಒಂದು ವೈರ್ ಬ್ಯಾಟರಿಯ ಸದಾ ಕರೆಂಟಿಗೆ, ಫ್ಯೂಸ್ ಮೂಲಕ, ಒಂದು ಅರ್ತ್‌ಗೆ, ಬಣ್ಣ ಕೆರೆದ ಬರಿಯ ಲೋಹದ ಬೋಲ್ಟಿಗೆ, ಒಂದು ಇಗ್ನಿಷನ್‌ಗೆ. ಈ ಮೂರನೆಯದನ್ನು ಹಾಕದೆ ಕೆಲಸ ಮುಗಿಸುವವರಿದ್ದಾರೆ. ಅದಿಲ್ಲದಿದ್ದರೆ ಕೀಲಿ ತೆಗೆದದ್ದು ಸಾಧನಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ, ಅದು ನಿದ್ದೆಗೆ ಜಾರುವುದೂ ಇಲ್ಲ. 30 ಮಿಲಿಆಂಪಿಯರ್ ಎಳೆಯುವ ಪೆಟ್ಟಿಗೆ ದಿನಕ್ಕೆ ಸುಮಾರು 0.7 ಆಂಪಿಯರ್-ಅವರ್ ತಿನ್ನುತ್ತದೆ. ಎರಡು ವಾರ ಗಾಡಿ ನಿಂತರೆ ಹತ್ತು. ಹಳೆಯ ಬ್ಯಾಟರಿಯಾದರೆ ಸೆಲ್ಫ್ ಎತ್ತುವುದಿಲ್ಲ. ಸಾಧನವನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕೆಳಗೆ, ಆಂಟೆನಾ ಬದಿ ಆಕಾಶಕ್ಕೆ ಮುಖ ಮಾಡಿ ಕಟ್ಟಿಸಿದೆ. ಮೇಲೆ ತಗಡು ಬಂದರೆ ಸಂಕೇತ ಕುಗ್ಗುತ್ತದೆ.

ಮೊಬೈಲಿನಿಂದಲೇ ಎಂಜಿನ್ ಆರಿಸುವ ರಿಲೇ ಹಾಕಿಸಿ ಎಂದು ಎಲ್ಲರೂ ಒತ್ತಾಯಿಸಿದರು. ನಾನು ಹಾಕಿಸಲಿಲ್ಲ, ಹಾಕಿಸಿ ಎಂದು ಯಾರಿಗೂ ಹೇಳುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಬಿಗಿಯಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ವೇಗ ತಗ್ಗಿದ ಮೇಲೆಯೇ ಆರಿಸುವ ಸಾಧನಗಳಿವೆ, ನಿಜ. ಆದರೆ ಆ ರಿಲೇ ಸಡಿಲವಾಗಿ ತಾನಾಗಿಯೇ ಕೈಕೊಟ್ಟರೆ? ಕಳ್ಳನನ್ನು ನಿಲ್ಲಿಸಲು ಹೋಗಿ ಚಾಲಕನನ್ನು ಕಣಿವೆಯ ಅಂಚಿನಲ್ಲಿ ನಿಲ್ಲಿಸುವ ಏರ್ಪಾಡು ನನಗೆ ಬೇಡ.

ಟ್ರ್ಯಾಕರ್ ಪರದೆಯಲ್ಲಿ ನಾನು ಮೊದಲು ನೋಡುವುದು ಚುಕ್ಕೆಯನ್ನಲ್ಲ, ಅದರ ಕೆಳಗಿನ ಸಮಯವನ್ನು. ಗಾಡಿ ದೋಣಿಗಾಲ್‌ನಲ್ಲಿ ನಿಂತಂತೆ ಕಂಡರೆ ಅದು ಅಲ್ಲಿ ನಿಂತಿದೆ ಎಂದಲ್ಲ. ಕೊನೆಯ ಸುದ್ದಿ ಅಲ್ಲಿಂದ ಬಂದಿದೆ ಎಂದಷ್ಟೇ. ಮನೆಯವರು ಗಾಬರಿಯಾಗುವುದು ಇಲ್ಲೇ. ಒಮ್ಮೆ ಇದನ್ನು ಹೇಳಿಕೊಟ್ಟ ಮೇಲೆ ನನ್ನ ಹೆಂಡತಿಯೇ ಈಗ “ಗುಂಡ್ಯ ದಾಟಿದ ಮೇಲೆ ಗೊತ್ತಾಗುತ್ತದೆ ಬಿಡಿ” ಎನ್ನುತ್ತಾಳೆ.

ಕಿಲೋಮೀಟರ್ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಾಧನ ಅರ್ಧ ನಿಮಿಷಕ್ಕೊಮ್ಮೆ ಜಾಗ ಗುರುತಿಸಿದರೆ, ಎರಡು ಗುರುತುಗಳ ನಡುವೆ ನೇರ ಗೆರೆ ಎಳೆದು ದೂರ ಕೂಡಿಸುತ್ತದೆ. ಹೆದ್ದಾರಿಯಲ್ಲಿ ತೊಂದರೆಯಿಲ್ಲ. ಬಿಸಿಲೆ ಘಟ್ಟದಲ್ಲಿ ತಿರುವುಗಳೆಲ್ಲ ಕತ್ತರಿಸಿಹೋಗಿ, ಗಾಡಿಯ ಮೀಟರ್ ತೋರಿಸುವುದಕ್ಕಿಂತ ದೂರ ಕಡಿಮೆ ಬರುತ್ತದೆ. ಹೀಗೆ ಅಂಕಿ ಕಡಿಮೆ ಬಂದರೆ ಚಾಲಕನ ಮೇಲೆ ಅನುಮಾನ ಪಡುವ ಮಾಲೀಕರಿದ್ದಾರೆ. ಗಾಡಿ ದಿಕ್ಕು ಬದಲಿಸಿದಾಗಲೂ ಗುರುತು ಹಾಕುವ ಆಯ್ಕೆ ಹಲವು ಸಾಧನಗಳಲ್ಲಿದೆ. ಅದನ್ನು ಹಾಕಿಸಿದ ಮೇಲೆ ಎರಡೂ ಅಂಕಿ ಹತ್ತಿರ ಬಂದವು.

ನಮ್ಮ ಪಿಕಪ್ ಓಡಿಸುವ ಹುಡುಗನ ಫೋನಿನಲ್ಲೂ ಅದೇ ಆ್ಯಪ್ ಹಾಕಿಕೊಟ್ಟಿದ್ದೇನೆ. “ಅಣ್ಣ, ನನ್ನ ಮೇಲೆ ಕಣ್ಣಿಡಲು ಹಾಕಿಸಿದ್ದೀರಾ?” ಎಂದು ಮೊದಲು ಮುಖ ಸಣ್ಣ ಮಾಡಿಕೊಂಡಿದ್ದ. ನನಗೆ ಕಾಣುವುದೆಲ್ಲ ಅವನಿಗೂ ಕಾಣುತ್ತದೆ ಎಂದು ತೋರಿಸಿದೆ. ಮಂಡಿಯಲ್ಲಿ ಕಾಯಿಸಿದ ಹೊತ್ತಿಗೆ ಕಾಯುವ ಬಾಡಿಗೆ ಕೇಳುವಾಗ, ಇಷ್ಟರಿಂದ ಇಷ್ಟರವರೆಗೆ ಗಾಡಿ ಇಲ್ಲೇ ಇತ್ತು ಎಂದು ಈಗ ಅವನೇ ಫೋನ್ ತೆಗೆದು ಮುಂದೆ ಹಿಡಿಯುತ್ತಾನೆ. ರಾತ್ರಿ ಹನ್ನೊಂದರ ನಂತರ ಗಾಡಿ ಅಲುಗಿದರೆ ಎಚ್ಚರಿಕೆ ಇಬ್ಬರಿಗೂ ಬರುತ್ತದೆ. ಉಳಿದ ಎಚ್ಚರಿಕೆಗಳನ್ನೆಲ್ಲ ನಿಲ್ಲಿಸಿಟ್ಟಿದ್ದೇವೆ.