ಜರ್ಮನಿಯಲ್ಲೂ ಇಂಟರ್ನಲ್ಸ್ ಇಟ್ಟೆವು, ಹುಡುಗರು ಪಾಸಾದರು

ಜರ್ಮನಿಯ ಕೆಮ್ನಿಟ್ಸ್‌ಗೆ ಎಂ.ಎಸ್. ಓದಲು ಬರುವ ನಮ್ಮ ಕಡೆಯ ಹುಡುಗ ಹುಡುಗಿಯರ ಜೊತೆ ನಾಲ್ಕೈದು ವರ್ಷದಿಂದ ಓಡಾಡುತ್ತಿದ್ದೇನೆ. ಸ್ಟೇಷನ್‌ನಿಂದ ಕರೆತರುವುದು, ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ), ಸಿಮ್, ಬ್ಯಾಂಕು, ಇನ್ಶೂರೆನ್ಸು ಎಲ್ಲ ನಿಮಗೂ ಗೊತ್ತಿರುವುದೇ, ಪ್ರತಿ ಊರಲ್ಲೂ ಸೀನಿಯರ್‌ಗಳು ಮಾಡುತ್ತಾರೆ. ಅಕ್ಟೋಬರ್ ಮುಗಿಯಿತು ಅಂದರೆ ಹುಡುಗರು ಸೆಟ್ಲ್ ಆದರು ಅಂತ ಎಲ್ಲರ ಲೆಕ್ಕ. ನಿಜವಾದ ಕಷ್ಟ ಶುರುವಾಗುವುದೇ ನವೆಂಬರ್‌ನಲ್ಲಿ.

ವಿಟಿಯುನಿಂದ ಬಂದವರನ್ನೇ ನೋಡಿ. ಅಲ್ಲಿ 85% ಅಟೆಂಡೆನ್ಸ್, ಇಂಟರ್ನಲ್ಸು, ಅಸೈನ್‌ಮೆಂಟು, ಯಾರಾದರೂ ಬೆನ್ನು ಹತ್ತಿಯೇ ಇರುತ್ತಾರೆ. ಇಲ್ಲಿ ಹೆಚ್ಚಿನ ಲೆಕ್ಚರ್‌ಗಳಲ್ಲಿ ಹಾಜರಿ ಕೇಳುವವರೇ ಇಲ್ಲ. ಸೆಮಿಸ್ಟರ್ ಕೊನೆಗೆ ಫೆಬ್ರವರಿಯಲ್ಲಿ ಒಂದೇ ಪರೀಕ್ಷೆ, ಪೂರ್ತಿ ಮಾರ್ಕ್ಸು ಅದಕ್ಕೇ, ಅದಕ್ಕೂ ಪೋರ್ಟಲ್‌ನಲ್ಲಿ ಬೇರೆಯಾಗಿ ರಿಜಿಸ್ಟರ್ ಆಗಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಲೋನ್ ಚಿಂತೆಗೆ ಗೋಡೌನ್ ಶಿಫ್ಟ್ ಹಿಡಿಯುತ್ತಾರೆ, ಬೆಳಿಗ್ಗೆ ಏಳಲಾಗುವುದಿಲ್ಲ, ಸ್ಲೈಡ್ಸ್ ಹೇಗೂ ಆನ್‌ಲೈನ್ ಇದೆಯಲ್ಲ ಅಂದುಕೊಳ್ಳುತ್ತಾರೆ. ಜನವರಿಯಲ್ಲಿ ಕಣ್ಣು ಬಿಟ್ಟಾಗ ಮೂರು ವಾರ ಉಳಿದಿರುತ್ತದೆ.

ಇದಕ್ಕೆ ಏನೇನೋ ಮಾಡಿ ನೋಡಿದೆವು. ದೊಡ್ಡ ಪಿಪಿಟಿ ಹಾಕಿ ಪಾಠ ಹೇಳಿದರೆ ತಲೆಯಾಡಿಸಿ ಹೋದರು. ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ. ಒಬ್ಬ ಸೀನಿಯರ್‌ಗೆ ಒಬ್ಬ ಜೂನಿಯರ್ ಅಂತ ಹಂಚಿದರೆ, ಕ್ರಿಸ್‌ಮಸ್ ಹೊತ್ತಿಗೆ ಸೀನಿಯರ್‌ಗೆ ತನ್ನದೇ ಥೀಸಿಸ್ ತಲೆನೋವು. ಜರ್ಮನ್ ವಿದ್ಯಾರ್ಥಿಗಳ ಜೊತೆ ಮಾತಿಗೆ ಕೂರಿಸಿದ್ದೂ ನಡೆಯಲಿಲ್ಲ, ಜರ್ಮನ್ ಭಾಷೆಯಲ್ಲಿ ಎ2, ಅಂದರೆ ಆರಂಭದ ಮಟ್ಟ, ದಾಟದವರು ಮುದುಡಿಕೊಂಡು ಕೂತರು. ಯೂನಿವರ್ಸಿಟಿಯ ಬ್ಯಾಡ್ಮಿಂಟನ್‌ಗೆ ಸೇರಿಸಿದವರಿಗೆ ಮಾತ್ರ ಗೆಳೆಯರು ಸಿಕ್ಕರು. ಆಟಕ್ಕೆ ಜಾಸ್ತಿ ಮಾತು ಬೇಡ.

ಆಮೇಲೆ ನಾವೇ ಇಂಟರ್ನಲ್ಸ್ ಇಡೋಣ ಅಂದೆ. ಸೀನಿಯರ್‌ಗಳು "ಅವರೇನು ಚಿಕ್ಕ ಮಕ್ಕಳಾ" ಅಂದರು. ಜೂನಿಯರ್‌ಗಳು "ಇಲ್ಲಿಗೆ ಬಂದ್ಮೇಲೂ ಇಂಟರ್ನಲ್ಸಾ ಅಣ್ಣ?" ಅಂದರು. ನಾನು ಬಿಡಲಿಲ್ಲ. ವಿದ್ಯಾರ್ಥಿ ಮಂಡಳಿಯಿಂದ ಹಳೆ ಪ್ರಶ್ನೆಪತ್ರಿಕೆ ತಂದು, ಆವರೆಗೆ ಆದ ಪಾಠದಷ್ಟೇ ಆರಿಸಿ, ಒಂದು ಗಂಟೆಯ ಟೆಸ್ಟ್ ಮಾಡಿದೆವು. ನವೆಂಬರ್ ಮಧ್ಯಕ್ಕೆ ಒಂದು, ಕ್ರಿಸ್‌ಮಸ್‌ಗೆ ಮುಂಚೆ ಒಂದು, ಜನವರಿಯಲ್ಲಿ ಇನ್ನೊಂದು. ಭಾನುವಾರವೇ ಇಡಬೇಕು, ಅಂಗಡಿ ಮುಚ್ಚಿರುತ್ತವೆ, ಶಿಫ್ಟ್ ಕಡಿಮೆ. ಆ ವಿಷಯ ಪಾಸಾದ ಸೀನಿಯರ್‌ಗಳೇ ತಿದ್ದಬೇಕು. ಮಾರ್ಕ್ಸ್ ಬರೆದವರಿಗೆ ಬಿಟ್ಟು ಇನ್ಯಾರಿಗೂ ಹೇಳುವುದಿಲ್ಲ.

ಮೊದಲ ಟೆಸ್ಟ್‌ಗೆ ಅರ್ಧ ಜನ ಬಂದರು, ಸುಮಾರು ಹಾಳೆ ಖಾಲಿ. ನನಗೆ ಅದೇ ಬೇಕಿತ್ತು. ನವೆಂಬರ್‌ನಲ್ಲಿ ಖಾಲಿ ಹಾಳೆ ಕೊಟ್ಟರೆ ಏನೂ ನಷ್ಟವಿಲ್ಲ, ಫೆಬ್ರವರಿಯಲ್ಲಿ ಕೊಟ್ಟರೆ 5.0, ಅಂದರೆ ಫೇಲು, ಪರೀಕ್ಷೆ ಬರೆಯುವ ಒಂದು ಅವಕಾಶ ಹೋಯಿತು. ಇನ್ನೂ ದೊಡ್ಡ ಲಾಭ ಅಂದರೆ ಯಾರು ಬರಲಿಲ್ಲ ಅಂತ ಗೊತ್ತಾಗುತ್ತದೆ. ರೂಮಲ್ಲಿ ಒಬ್ಬರೇ ಬಾಗಿಲು ಹಾಕಿಕೊಂಡವರು ಅವರೇ. ಸಂಜೆಯೇ ಅವರ ಬಾಗಿಲು ತಟ್ಟುತ್ತೇವೆ. ಬಾಗಿಲು ತೆರೆಯುವಂತೆ ಏನು ಹೇಳುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಮುಂದಿನ ಬ್ಯಾಚ್ ಓದಿ ತಯಾರಾಗುತ್ತದೆ.

ಟೆಸ್ಟ್ ಆದ ಮೇಲೆ ಹುಳಿ ಅನ್ನ, ತಲೆಗೆ ಎರಡು ಯೂರೋ. ಹಾಸ್ಟೆಲ್ ಅಡುಗೆಮನೆಯಲ್ಲಿ ಒಗ್ಗರಣೆ ಹೊಗೆಗೆ ಅಲಾರಂ ಹೊಡೆಯುತ್ತದೆ, ಅದಕ್ಕೇ ಬೇರೆ ಮನೆಯಲ್ಲಿ ಒಗ್ಗರಣೆ ಹಾಕಿ ಡಬ್ಬಿಯಲ್ಲಿ ತರುತ್ತೇವೆ. ಶನಿವಾರ ಮಧ್ಯಾಹ್ನ ಶ್ಲಾಸ್‌ಟೈಖ್ ಕೆರೆ ಸುತ್ತ ನಡೆಸಿಯೂ ನೋಡಿದೆವು. ಬೆಳಕಿಗೆ ಬಿದ್ದವರ ಮುಖ ನಿಜಕ್ಕೂ ಗೆಲುವಾಗಿತ್ತು, ಈ ಚಳಿಗಾಲವೂ ಮುಂದುವರಿಸುತ್ತೇವೆ.

ಈಗ ದುಡ್ಡಿನ ಮಾತು. ಬ್ಲಾಕ್ಡ್ ಅಕೌಂಟ್‌ನಲ್ಲಿ (ವೀಸಾಗಾಗಿ ಒಂದು ವರ್ಷದ ಖರ್ಚು ಮೊದಲೇ ಇಡುವ ಖಾತೆ) 11,904 ಯೂರೋ ಇಟ್ಟೇ ಬಂದಿರುತ್ತಾರೆ, ಆದರೆ ಇಲ್ಲಿ ಬ್ಯಾಂಕ್ ಖಾತೆ ಆಗುವವರೆಗೆ ತಿಂಗಳ 992 ಕೈಗೆ ಬರುವುದಿಲ್ಲ. ಅಷ್ಟರಲ್ಲಿ ರೂಮಿನ ಡೆಪಾಸಿಟ್ ಕಟ್ಟಬೇಕು. ಕೆಲಸಕ್ಕೆ ಸೇರಿದ ನಾವು ಹದಿನೈದು ಜನ ನೂರು ನೂರು ಹಾಕಿ ಒಂದು ನಿಧಿ ಮಾಡಿದೆವು. ಒಬ್ಬರಿಗೆ 300ರವರೆಗೆ, ಮೂರು ಕಂತಲ್ಲಿ ವಾಪಸ್. ಮೊದಲ ವರ್ಷ ಬಾಯಿಮಾತಿನ ಮೇಲೆ ಕೊಟ್ಟಿದ್ದಕ್ಕೆ ನಾನೂರರಷ್ಟು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. ಈಗ ಕಾಗದದ ಮೇಲೆ ಬರೆಯುತ್ತೇವೆ, ಹಿಂದಿನ ವರ್ಷ ಸಾಲ ಪಡೆದವರೇ ಜಾಮೀನು. ಆಮೇಲೆ ಒಂದು ಪೈಸೆಯೂ ಬಾಕಿ ಉಳಿದಿಲ್ಲ. ಹಾಗೇ ರೇಡಿಯೋ ಶುಲ್ಕದ ಕಾಗದ ಬಂದರೆ ಜಾಹೀರಾತು ಅಂತ ಬಿಸಾಡಬೇಡಿ. ಅದು ಮನೆಗೆ ಒಂದೇ, ತಿಂಗಳಿಗೆ 18.36. ಮನೆಯಲ್ಲಿ ಒಬ್ಬರು ಕಟ್ಟಿ, ಉಳಿದವರು ಕಟ್ಟುವವರ ಶುಲ್ಕದ ನಂಬರ್ ತಿಳಿಸಿದರೆ ಸಾಕು, ಸುಮ್ನೆ ಕೂತರೆ ಎಲ್ಲರಿಗೂ ಬೇರೆ ಬೇರೆ ಬಿಲ್.

ಮೊದಲೆಲ್ಲ ಮೊದಲ ಸೆಮಿಸ್ಟರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪರೀಕ್ಷೆಯಿಂದ ಹಿಂದೆ ಸರಿಯುತ್ತಿದ್ದರು, ಇಲ್ಲ ಫೇಲಾಗುತ್ತಿದ್ದರು. ಕಳೆದ ಚಳಿಗಾಲ ಇಪ್ಪತ್ತು ಚಿಲ್ಲರೆ ಜನರಲ್ಲಿ ಇಬ್ಬರೋ ಮೂವರೋ ಬಿಟ್ಟರೆ ಎಲ್ಲರೂ ಕನಿಷ್ಠ ಎರಡು ಪೇಪರ್ ಪಾಸು. ಚಿಕ್ಕ ಮಕ್ಕಳಾ ಅಂದಿದ್ದ ಸೀನಿಯರ್ ಈಗ ಮೆಕ್ಯಾನಿಕ್ಸ್ ಪೇಪರ್ ತಿದ್ದುತ್ತಾರೆ.

ಏಪ್ರಿಲ್‌ನಲ್ಲಿ ಸೇರುವವರಿಗೆ ಇದನ್ನು ಹೇಗೆ ಹೊಂದಿಸುವುದು ಅಂತ ಯೋಚಿಸುತ್ತಿದ್ದೇವೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕು, ಅವರ ಓದು ತಪ್ಪುವ ರೀತಿಯೇ ಬೇರೆ. ಸದ್ಯಕ್ಕೆ ಮೊದಲ ಟೆಸ್ಟ್ ಮೇ ಮಧ್ಯದ ಭಾನುವಾರಕ್ಕೆ ಇಟ್ಟಿದ್ದೇವೆ.